ಲ್ಯಾಪ್‌ಟಾಪ್‌ನಲ್ಲಿ ನೆಟ್ ಇದ್ದಕ್ಕಿದ್ದಂತೆ ಹೋಯಿತೇ? ಮೊದಲು ದಾರಿ ಎಲ್ಲಿ ಕಡಿದಿದೆ ನೋಡಿ

ಕೆಲಸದ ಮಧ್ಯೆ ನೆಟ್ ಹೋದರೆ ಕೈ ಸುಮ್ಮನಿರುವುದಿಲ್ಲ. ವೈಫೈ ಆಫ್ ಮಾಡಿ ಆನ್ ಮಾಡುತ್ತೇವೆ, ರೂಟರ್ ಪ್ಲಗ್ ಕೀಳುತ್ತೇವೆ, ಸೆಟ್ಟಿಂಗ್ಸ್‌ನಲ್ಲಿ ಕಂಡಿದ್ದನ್ನೆಲ್ಲ ಒತ್ತುತ್ತೇವೆ. ಕೆಲವು ಸಲ ಸರಿಹೋಗುತ್ತದೆ ಕೂಡ. ಆದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ, ಮುಂದಿನ ಸಲ ಮತ್ತೆ ಅದೇ ಪರದಾಟ. ಸರಿಹೋಗದಿದ್ದರಂತೂ ಇನ್ನೂ ಕಷ್ಟ. ಮೊದಲಿದ್ದ ಒಂದು ತೊಂದರೆಯ ಜೊತೆಗೆ ನಾವು ಮಾಡಿದ ನಾಲ್ಕು ಬದಲಾವಣೆಗಳೂ ಸೇರಿಕೊಂಡಿರುತ್ತವೆ.

ನೆಟ್ ನಿಮ್ಮ ಲ್ಯಾಪ್‌ಟಾಪ್ ತಲುಪುವ ದಾರಿಯಲ್ಲಿ ಮೂರು ಭಾಗಗಳಿವೆ: ಇಂಟರ್ನೆಟ್ ಕಂಪನಿಯಿಂದ ಮನೆವರೆಗಿನ ಲೈನು, ಮನೆಯೊಳಗಿನ ರೂಟರ್, ಆಮೇಲೆ ಲ್ಯಾಪ್‌ಟಾಪ್. ಇದರಲ್ಲಿ ಯಾವುದು ಕೈಕೊಟ್ಟಿದೆ ಅಂತ ತಿಳಿಯುವವರೆಗೆ ಏನನ್ನೂ ರಿಪೇರಿ ಮಾಡಲು ಹೋಗಬೇಡಿ. ತಿಳಿದ ಮೇಲೂ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಫಲ ಏನಾಯಿತು ನೋಡಿ, ಆಮೇಲೆ ಮುಂದಿನದು. ಕೆಳಗೆ ಹೇಳಿರುವ ಮೆನು ಹೆಸರುಗಳು ವಿಂಡೋಸ್ 11ರವು. ವಿಂಡೋಸ್ 10ರಲ್ಲೂ ಹೆಚ್ಚುಕಡಿಮೆ ಹಾಗೇ ಇವೆ. ಮ್ಯಾಕ್‌ನಲ್ಲಿ ಬೇರೆ ಇರುವ ಕಡೆ ಅದನ್ನೂ ಹೇಳಿದ್ದೇನೆ.

ಮೊದಲ ಹೆಜ್ಜೆ: ತೊಂದರೆ ಲ್ಯಾಪ್‌ಟಾಪ್‌ನದೋ, ಇಡೀ ಮನೆಯದೋ?

ಒಂದು ನಲ್ಲಿಯಲ್ಲಿ ನೀರು ಬರದಿದ್ದರೆ ಅದನ್ನು ಬಿಚ್ಚುವ ಮುಂಚೆ ಪಕ್ಕದ ನಲ್ಲಿ ತಿರುಗಿಸಿ ನೋಡುತ್ತೇವೆ, ಅಲ್ವಾ? ಇಲ್ಲೂ ಅಷ್ಟೇ. ಫೋನ್ ತೆಗೆದುಕೊಂಡು ಅದೇ ವೈಫೈಗೆ ಸೇರಿಸಿ, ಯಾವುದಾದರೂ ಹೊಸ ಪುಟ ತೆರೆಯಿರಿ.

ಇಲ್ಲಿ ಒಂದು ಎಚ್ಚರಿಕೆ. ಫೋನಿನ ಮೊಬೈಲ್ ಡೇಟಾ ಆಫ್ ಮಾಡಿಯೇ ಈ ಪರೀಕ್ಷೆ ಮಾಡಿ. ವೈಫೈನಲ್ಲಿ ನೆಟ್ ಇಲ್ಲ ಅಂತ ಗೊತ್ತಾದ ಕೂಡಲೇ ಈಗಿನ ಫೋನುಗಳು ಹೇಳದೆ ಕೇಳದೆ ಮೊಬೈಲ್ ಡೇಟಾಗೆ ಜಾರಿಕೊಳ್ಳುತ್ತವೆ. ಆಗ 'ಫೋನಿನಲ್ಲಿ ಬರ್ತಿದೆ, ಲ್ಯಾಪ್‌ಟಾಪ್‌ದೇ ತಪ್ಪು' ಅಂತ ಅಂದುಕೊಂಡು ಲ್ಯಾಪ್‌ಟಾಪ್ ಕೆದಕುತ್ತಾ ಕೂರುತ್ತೀರಿ. ತೊಂದರೆ ಇರುವುದು ಹೊರಗಿನ ಲೈನಿನಲ್ಲಿ. ಪುಟವೂ ಹೊಸದೇ ಆಗಿರಬೇಕು. ಮೊದಲೇ ತೆರೆದಿದ್ದ ಪುಟವನ್ನು ಫೋನ್ ತನ್ನ ನೆನಪಿನಿಂದಲೇ ತೋರಿಸಿಬಿಡಬಹುದು.

ಫೋನಿನಲ್ಲೂ ನೆಟ್ ಬರದಿದ್ದರೆ ಎರಡನೆಯ ಹೆಜ್ಜೆಗೆ ಹೋಗಿ. ಫೋನಿನಲ್ಲಿ ಚೆನ್ನಾಗಿ ಬರುತ್ತಿದ್ದರೆ ಅದನ್ನು ಬಿಟ್ಟು ಮೂರನೆಯದಕ್ಕೆ.

ಎರಡನೆಯ ಹೆಜ್ಜೆ: ಮನೆಗೇ ನೆಟ್ ಇಲ್ಲದಿದ್ದರೆ

ರೂಟರ್ ಮೇಲಿನ ಲೈಟುಗಳನ್ನು ನೋಡಿ. ಫೈಬರ್ ಸಂಪರ್ಕವಾದರೆ ಗೋಡೆಯ ಹತ್ತಿರದ ಪೆಟ್ಟಿಗೆಯಲ್ಲಿ 'ಪಾನ್' ಮತ್ತು 'ಲಾಸ್' ಎಂಬ ಎರಡು ಲೈಟುಗಳು ಇರುತ್ತವೆ. ಪಾನ್ ಮಿನುಗದೆ ಹಸಿರಾಗಿ ಉರಿಯುತ್ತಿದ್ದರೆ ಲೈನು ಸರಿಯಾಗಿದೆ. ಲಾಸ್ ಕೆಂಪಾಗಿ ಮಿನುಗುತ್ತಿದ್ದರೆ ಬೆಳಕಿನ ಸಿಗ್ನಲ್ಲೇ ನಿಮ್ಮ ಮನೆ ತಲುಪುತ್ತಿಲ್ಲ. ಫೈಬರ್ ಎಲ್ಲೋ ತುಂಡಾಗಿರಬಹುದು, ಕನೆಕ್ಟರ್ ಸಡಿಲವಾಗಿರಬಹುದು, ಇಲ್ಲವೇ ಮೇಜಿನ ಹಿಂದೆ ವೈರ್ ಚೂಪಾಗಿ ಮಡಚಿಕೊಂಡಿರಬಹುದು. ಫೈಬರ್ ಒಳಗೆ ಗಾಜಿನ ಎಳೆ ಇರುತ್ತದೆ. ತೀರಾ ಮಡಚಿದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ. ಮಡಿಕೆ ಕಂಡರೆ ಮೆಲ್ಲಗೆ ಬಿಡಿಸಿ, ದೊಡ್ಡ ಸುತ್ತಾಗಿ ಇಡಿ. ಕನೆಕ್ಟರ್ ಕಿತ್ತು ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಲು ಮಾತ್ರ ಹೋಗಬೇಡಿ. ಅದರಲ್ಲಿ ಬರುವ ಲೇಸರ್ ಕಣ್ಣಿಗೆ ಕಾಣುವುದಿಲ್ಲ, ಹಾಗಂತ ಕಣ್ಣಿಗೆ ಒಳ್ಳೆಯದೇನೂ ಅಲ್ಲ.

ಲಾಸ್ ಕೆಂಪಾಗಿರಲಿ, ಇಲ್ಲದಿರಲಿ, ರೂಟರ್ ಒಮ್ಮೆ ರೀಸ್ಟಾರ್ಟ್ ಮಾಡಿ. ಪ್ಲಗ್ ತೆಗೆದು 30 ಸೆಕೆಂಡು ಬಿಡಿ. ಫೈಬರ್ ಪೆಟ್ಟಿಗೆ ಅಥವಾ ಮೋಡೆಮ್ ಬೇರೆ, ರೂಟರ್ ಬೇರೆ ಇದ್ದರೆ ಮೊದಲು ಮೋಡೆಮ್‌ಗೆ ಕರೆಂಟ್ ಕೊಡಿ. ಅದರ ಲೈಟುಗಳು ಮಿನುಗುವುದು ನಿಂತು ಸ್ಥಿರವಾದ ಮೇಲೆ ರೂಟರ್ ಹಾಕಿ. ಪೂರ್ತಿ ಎದ್ದು ಕೂರಲು ಎರಡು ಮೂರು ನಿಮಿಷ ಬೇಕು. ಅಷ್ಟರೊಳಗೆ 'ಇನ್ನೂ ಬಂದಿಲ್ಲ' ಅಂತ ಮತ್ತೆ ಪ್ಲಗ್ ಕಿತ್ತರೆ ಏನೂ ಪ್ರಯೋಜನವಿಲ್ಲ. ಇನ್ನೊಂದು ಮಾತು: ರೂಟರ್ ಹಿಂದಿನ ಸಣ್ಣ ತೂತಿನಲ್ಲಿರುವ ರೀಸೆಟ್ ಬಟನ್ ಬೇರೆ, ರೀಸ್ಟಾರ್ಟ್ ಬೇರೆ. ಆ ತೂತಿಗೆ ಪಿನ್ ಹಾಕಿ ಒತ್ತಿ ಹಿಡಿದರೆ ಸಂಪರ್ಕದ ಯೂಸರ್ ನೇಮ್, ವೈಫೈ ಹೆಸರು, ಪಾಸ್‌ವರ್ಡ್ ಎಲ್ಲ ಅಳಿಸಿಹೋಗುತ್ತವೆ. ಅದರ ಹತ್ತಿರ ಸುಮ್ನೆ ಹೋಗಬೇಡಿ.

ಬಿಲ್ ಬಾಕಿ ಇದೆಯೇ, ಪ್ಲಾನ್ ಮುಗಿದಿದೆಯೇ ಅಂತಲೂ ಒಮ್ಮೆ ನೋಡಿ. ಇಷ್ಟಾದರೂ ನೆಟ್ ಇಲ್ಲದಿದ್ದರೆ ಕಂಪನಿಗೆ ಫೋನ್ ಮಾಡಿ. 'ನೆಟ್ ಬರ್ತಿಲ್ಲ' ಅಂದರೆ ಅವರು ರೀಸ್ಟಾರ್ಟ್‌ನಿಂದ ಶುರು ಮಾಡಿಸುತ್ತಾರೆ. 'ಲಾಸ್ ಲೈಟ್ ಕೆಂಪಾಗಿ ಮಿನುಗ್ತಿದೆ, ರೀಸ್ಟಾರ್ಟ್ ಮಾಡಿ ಆಗಿದೆ, ಯಾವ ಸಾಧನದಲ್ಲೂ ಬರ್ತಿಲ್ಲ' ಅಂದರೆ ಮಾತು ನೇರವಾಗಿ ಲೈನಿನ ದೂರಿಗೇ ಹೋಗುತ್ತದೆ.

ಮೂರನೆಯ ಹೆಜ್ಜೆ: ಲ್ಯಾಪ್‌ಟಾಪ್ ಏನು ಹೇಳುತ್ತಿದೆ?

ಈಗ ಲ್ಯಾಪ್‌ಟಾಪ್‌ದೇ ತೊಂದರೆ ಅಂತ ಗೊತ್ತಾಯಿತು. ಕೆಳಗಿನ ಮೂಲೆಯಲ್ಲಿರುವ ನೆಟ್‌ವರ್ಕ್ ಚಿಹ್ನೆ ಒತ್ತಿ, ಅಲ್ಲಿ ಬರೆದಿರುವುದನ್ನು ಓದಿ. ಮುಂದಿನ ದಾರಿ ಅದರ ಮೇಲೇ ನಿಂತಿದೆ. ವೈಫೈ ಬಟನ್ನೇ ಮಾಯವಾಗಿದ್ದರೆ ಅದು ಡ್ರೈವರ್ (ವೈಫೈ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಅಥವಾ ಹಾರ್ಡ್‌ವೇರ್ ತೊಂದರೆ. ವೈಫೈ ಇದೆ, ಆದರೆ ನಿಮ್ಮ ಮನೆಯ ನೆಟ್‌ವರ್ಕ್‌ಗೆ ಸೇರುತ್ತಿಲ್ಲ ಅಂದರೆ ಅದು ಸಿಗ್ನಲ್ ಅಥವಾ ಪಾಸ್‌ವರ್ಡ್ ವಿಷಯ. ಸೇರಿದೆ, ಆದರೆ 'ನೋ ಇಂಟರ್ನೆಟ್' ಅನ್ನುತ್ತಿದ್ದರೆ ವಿಳಾಸ (ರೂಟರ್ ಲ್ಯಾಪ್‌ಟಾಪ್‌ಗೆ ಕೊಡುವ ಸಂಖ್ಯೆ), ಡಿಎನ್‌ಎಸ್ (ವೆಬ್‌ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕುವ ವ್ಯವಸ್ಥೆ), ವಿಪಿಎನ್ (ನೆಟ್ಟನ್ನು ಬೇರೊಂದು ಸರ್ವರ್ ಮೂಲಕ ಗುಟ್ಟಾಗಿ ಹಾಯಿಸುವ ಆ್ಯಪ್) ಇವುಗಳ ಕಡೆ ನೋಡಬೇಕು.

ಅದಕ್ಕೂ ಮುಂಚೆ ಎರಡು ಚಿಕ್ಕ ವಿಷಯ. ಏರೋಪ್ಲೇನ್ ಮೋಡ್ ಆನ್ ಆಗಿಲ್ಲ ತಾನೇ? ಹಲವು ಲ್ಯಾಪ್‌ಟಾಪ್‌ಗಳಲ್ಲಿ ಕೀಬೋರ್ಡ್‌ನ ಮೇಲಿನ ಸಾಲಿನಲ್ಲಿ ವಿಮಾನದ ಚಿತ್ರವಿರುವ ಕೀ ಇರುತ್ತದೆ. ಬ್ರೈಟ್‌ನೆಸ್ ಅಥವಾ ವಾಲ್ಯೂಮ್ ಬದಲಿಸಲು ಹೋಗಿ ಅದನ್ನು ಒತ್ತಿಬಿಡುವುದು ತುಂಬಾ ಸಾಮಾನ್ಯ. ಕೆಲವು ಹಳೆಯ ಲ್ಯಾಪ್‌ಟಾಪ್‌ಗಳ ಪಕ್ಕದಲ್ಲಿ ವೈಫೈಗೆಂದೇ ಜಾರುವ ಸ್ವಿಚ್ ಇರುತ್ತದೆ, ಬ್ಯಾಗಿನಿಂದ ತೆಗೆಯುವಾಗ ಅದು ಸರಿದಿರಬಹುದು. ಎರಡನೆಯದು, ಸೇರಿರುವ ನೆಟ್‌ವರ್ಕ್ ನಿಮ್ಮದೇ ತಾನೇ? ಹಿಂದೆ ಯಾವಾಗಲೋ ಸೇರಿದ್ದ ಪಕ್ಕದ ಮನೆಯ ವೈಫೈಗೋ, ಫೋನಿನ ಹಾಟ್‌ಸ್ಪಾಟ್‌ಗೋ ತಾನಾಗಿಯೇ ಅಂಟಿಕೊಂಡಿರಬಹುದು.

ನಾಲ್ಕನೆಯ ಹೆಜ್ಜೆ: ನಿಜವಾದ ರೀಸ್ಟಾರ್ಟ್

'ಆಫ್ ಮಾಡಿ ಆನ್ ಮಾಡಿದೆ, ಆದರೂ ಆಗಲಿಲ್ಲ' ಅನ್ನುವವರು ಜಾಸ್ತಿ. ಇಲ್ಲಿ ಒಂದು ಒಳಗುಟ್ಟಿದೆ. ವಿಂಡೋಸ್ 8ರಿಂದ 'ಫಾಸ್ಟ್ ಸ್ಟಾರ್ಟಪ್' ಎಂಬ ಸೌಲಭ್ಯ ಬಂದಿದೆ. ಅದು ಆನ್ ಇದ್ದರೆ, ಶಟ್ ಡೌನ್ ಮಾಡಿದಾಗ ವಿಂಡೋಸ್‌ನ ಒಳಭಾಗ ಪೂರ್ತಿ ಮುಚ್ಚುವುದಿಲ್ಲ. ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು, ಮತ್ತೆ ಆನ್ ಮಾಡಿದಾಗ ಅದನ್ನೇ ಎತ್ತಿಕೊಳ್ಳುತ್ತದೆ. ವೈಫೈ ಡ್ರೈವರ್ ಕೆಟ್ಟು ಕೂತಿದ್ದರೆ, ಕೆಟ್ಟ ಸ್ಥಿತಿಯಲ್ಲೇ ವಾಪಸ್ ಬರುತ್ತದೆ. ಸ್ಟಾರ್ಟ್ ಮೆನುವಿನ 'ರೀಸ್ಟಾರ್ಟ್' ಹಾಗಲ್ಲ, ಅದು ಎಲ್ಲವನ್ನೂ ಹೊಸದಾಗಿ ಶುರು ಮಾಡುತ್ತದೆ. ಹಾಗಾಗಿ ಶಟ್ ಡೌನ್ ಮಾಡಬೇಡಿ, ರೀಸ್ಟಾರ್ಟ್ ಒತ್ತಿ. ಲ್ಯಾಪ್‌ಟಾಪ್ ಕಡೆಯ ತೊಂದರೆಗಳಲ್ಲಿ ಅರ್ಧಕ್ಕರ್ಧ ಇಲ್ಲೇ ಮುಗಿಯುತ್ತವೆ ಅನ್ನುವುದು ನನ್ನ ಅನಿಸಿಕೆ.

ಐದನೆಯ ಹೆಜ್ಜೆ: ವೈಫೈಗೆ ಸೇರಿದೆ, ನೆಟ್ ಇಲ್ಲ

ಇದೇ ಹೆಚ್ಚು ತಲೆ ತಿನ್ನುವುದು. ಊಹೆ ಮಾಡುವ ಬದಲು ಪಿಂಗ್ ಮಾಡಿ ನೋಡೋಣ. ಪಿಂಗ್ ಅಂದರೆ ಒಂದು ವಿಳಾಸಕ್ಕೆ ಕೂಗು ಹಾಕಿ ಉತ್ತರ ಬರುತ್ತದೆಯೇ ಅಂತ ನೋಡುವುದು. ಸ್ಟಾರ್ಟ್ ಮೆನುವಿನಲ್ಲಿ 'ಕಮಾಂಡ್ ಪ್ರಾಂಪ್ಟ್' ಹುಡುಕಿ ತೆರೆಯಿರಿ. ಮ್ಯಾಕ್‌ನಲ್ಲಿ 'ಟರ್ಮಿನಲ್'. ಪಿಂಗ್ ಎಂಬ ಪದವನ್ನು ಇಂಗ್ಲಿಷಿನಲ್ಲಿ ಪಿ, ಐ, ಎನ್, ಜಿ ಅಂತ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ವಿಳಾಸ ಬರೆದು ಎಂಟರ್ ಒತ್ತಬೇಕು. ವಿಂಡೋಸ್ ನಾಲ್ಕು ಸಲ ಕೇಳಿ ನಿಲ್ಲಿಸುತ್ತದೆ. ಮ್ಯಾಕ್ ನಿಲ್ಲಿಸುವುದಿಲ್ಲ, ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿ ನಿಲ್ಲಿಸಿ.

1. ಮೊದಲು ರೂಟರ್ ವಿಳಾಸಕ್ಕೆ ಪಿಂಗ್ ಮಾಡಿ. ಇದು ರೂಟರ್ ಅಡಿಯ ಚೀಟಿಯಲ್ಲಿ ಇರುತ್ತದೆ. ಸಾಮಾನ್ಯವಾಗಿ 192.168.1.1 ಅಥವಾ 192.168.0.1.

2. ಆಮೇಲೆ 8.8.8.8ಕ್ಕೆ. ಇದು ಗೂಗಲ್‌ನ ಡಿಎನ್‌ಎಸ್ ಸರ್ವರ್, ಮನೆಯ ಹೊರಗಿದೆ.

3. ಕೊನೆಗೆ ಯಾವುದಾದರೂ ದೊಡ್ಡ ವೆಬ್‌ಸೈಟಿನ ಹೆಸರಿಗೆ.

'ರಿಪ್ಲೈ' ಅಂತ ಸಾಲುಗಳು ಬಂದರೆ ಆ ಮಟ್ಟದವರೆಗೆ ದಾರಿ ಸರಿಯಾಗಿದೆ. 'ರಿಕ್ವೆಸ್ಟ್ ಟೈಮ್ಡ್ ಔಟ್' ಅಂದರೆ ಉತ್ತರ ಬಂದಿಲ್ಲ. ರೂಟರ್‌ಗೇ ತಲುಪದಿದ್ದರೆ ತೊಂದರೆ ವೈಫೈನಲ್ಲಿ ಅಥವಾ ಲ್ಯಾಪ್‌ಟಾಪ್‌ನ ವಿಳಾಸದಲ್ಲಿ. ರೂಟರ್‌ಗೆ ತಲುಪಿ ಎರಡನೆಯದು ಬರದಿದ್ದರೆ ವಿಪಿಎನ್ ಅಥವಾ ಆ್ಯಂಟಿವೈರಸ್ ತಡೆಯುತ್ತಿರಬಹುದು. ಎರಡನೆಯದು ಬಂದು ಮೂರನೆಯದು ಬರದೆ, ಹೋಸ್ಟ್ ಸಿಗಲಿಲ್ಲ ಅನ್ನುವ ಮಾತು ಕಂಡರೆ ಡಿಎನ್‌ಎಸ್. ಮೂರೂ ಬಂದೂ ಪುಟ ತೆರೆಯದಿದ್ದರೆ ಬ್ರೌಸರ್, ಪ್ರಾಕ್ಸಿ (ನಿಮ್ಮ ಮತ್ತು ವೆಬ್‌ಸೈಟಿನ ನಡುವೆ ನಿಲ್ಲುವ ಇನ್ನೊಂದು ಸರ್ವರ್) ಅಥವಾ ಲ್ಯಾಪ್‌ಟಾಪ್‌ನ ಗಡಿಯಾರ. ಮೂರೂ ಬಂದು ಪುಟಗಳೂ ತೆರೆಯುತ್ತಿದ್ದರೆ 'ನೋ ಇಂಟರ್ನೆಟ್' ಬರಹವನ್ನು ನಂಬಬೇಡಿ. ನೆಟ್ ಇದೆಯೋ ಇಲ್ಲವೋ ತಿಳಿಯಲು ವಿಂಡೋಸ್ ಮೈಕ್ರೋಸಾಫ್ಟ್ ಸರ್ವರ್‌ನಿಂದ ಒಂದು ಪುಟ್ಟ ಫೈಲ್ ತರಿಸಿ ನೋಡುತ್ತದೆ. ಆ ಒಂದು ಫೈಲ್ ಸಿಗದಿದ್ದರೂ ನೆಟ್ಟೇ ಇಲ್ಲ ಅಂತ ಸಾರಿಬಿಡುತ್ತದೆ.

ವಿಳಾಸ ಸಿಕ್ಕಿಲ್ಲವೇ?

'ಸೆಟ್ಟಿಂಗ್ಸ್', 'ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್', 'ವೈಫೈ', ಆಮೇಲೆ ನಿಮ್ಮ ನೆಟ್‌ವರ್ಕ್‌ನ 'ಪ್ರಾಪರ್ಟೀಸ್'. ಅಲ್ಲಿ 'ಐಪಿವಿ4 ಅಡ್ರೆಸ್' ಎಂಬ ಸಾಲು ನೋಡಿ. 192.168 ಅಂತ ಶುರುವಾದರೆ ಬಹುತೇಕ ಸರಿ, ಕೆಲವು ರೂಟರ್‌ಗಳಲ್ಲಿ 10ರಿಂದಲೂ ಶುರುವಾಗುತ್ತದೆ. 169.254 ಅಂತ ಇದ್ದರೆ ಮಾತ್ರ ಕಾರಣ ಸಿಕ್ಕಿತು ಅನ್ನಿ. ಲ್ಯಾಪ್‌ಟಾಪ್ ರೂಟರ್ ಹತ್ತಿರ ವಿಳಾಸ ಕೇಳಿದೆ, ರೂಟರ್ ಕೊಟ್ಟಿಲ್ಲ, ಅದಕ್ಕೇ ಲ್ಯಾಪ್‌ಟಾಪ್ ತನ್ನಷ್ಟಕ್ಕೆ ಒಂದು ವಿಳಾಸ ಹಾಕಿಕೊಂಡಿದೆ. ಆ ವಿಳಾಸದಿಂದ ಹೊರಗೆ ಹೋಗಲು ಆಗುವುದಿಲ್ಲ.

ಅದೇ ಪುಟದಲ್ಲಿ 'ಐಪಿ ಅಸೈನ್‌ಮೆಂಟ್' ಎದುರು 'ಆಟೊಮ್ಯಾಟಿಕ್' ಅಂತ ಇರಬೇಕು. ಆಫೀಸಿಗೋ ಪ್ರಿಂಟರ್‌ಗೋ ಬೇಕೆಂದು ಯಾರೋ 'ಮ್ಯಾನುಯಲ್' ಮಾಡಿದ್ದರೆ ವಾಪಸ್ ಬದಲಿಸಿ. ಆಮೇಲೆ ಆ ನೆಟ್‌ವರ್ಕ್‌ಗೆ 'ಫರ್ಗೆಟ್' ಕೊಟ್ಟು, ಪಾಸ್‌ವರ್ಡ್ ಹಾಕಿ ಮತ್ತೆ ಸೇರಿ. ಪಾಸ್‌ವರ್ಡ್ ಕೈಯಲ್ಲಿಟ್ಟುಕೊಂಡೇ ಫರ್ಗೆಟ್ ಒತ್ತಿ, ಆಮೇಲೆ ಹುಡುಕುವುದು ಬೇಡ. ಮ್ಯಾಕ್‌ನಲ್ಲಿ ವೈಫೈ ಸೆಟ್ಟಿಂಗ್ಸ್‌ನ 'ಡೀಟೇಲ್ಸ್' ಒಳಗೆ 'ಟಿಸಿಪಿ ಐಪಿ' ಭಾಗದಲ್ಲಿ 'ರಿನ್ಯೂ ಡಿಎಚ್‌ಸಿಪಿ ಲೀಸ್' ಎಂಬ ಬಟನ್ ಇದೆ. ಅದು ಇದೇ ಕೆಲಸ ಮಾಡುತ್ತದೆ.

ಆಗಲೂ 169.254 ಬಂದರೆ ರೂಟರ್ ಕಡೆ ಅನುಮಾನ ಪಡಿ. ಮನೆಯಲ್ಲಿ ಟಿವಿ, ಕ್ಯಾಮೆರಾ, ಫೋನು ಅಂತ ಸಾಧನ ಜಾಸ್ತಿಯಾಗಿ ರೂಟರ್ ಹತ್ತಿರ ಹಂಚಲು ವಿಳಾಸ ಮುಗಿದಿರಬಹುದು. ಮಕ್ಕಳಿಗೆಂದು ಹಾಕಿದ ಪೇರೆಂಟಲ್ ಕಂಟ್ರೋಲ್ ನಿಮ್ಮ ಲ್ಯಾಪ್‌ಟಾಪನ್ನೇ ತಡೆದಿರಬಹುದು. ರೂಟರ್ ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ.

ಡಿಎನ್‌ಎಸ್

ಹೆಸರಿನಿಂದ ವಿಳಾಸ ಹುಡುಕಿ ಕೊಡುವ ಸರ್ವರ್ ಕೈಕೊಟ್ಟಿದೆ ಅಷ್ಟೇ, ಉಳಿದದ್ದೆಲ್ಲ ಸರಿಯಿದೆ. ಅದೇ ಪ್ರಾಪರ್ಟೀಸ್ ಪುಟದಲ್ಲಿ 'ಡಿಎನ್‌ಎಸ್ ಸರ್ವರ್ ಅಸೈನ್‌ಮೆಂಟ್' ಎದುರು 'ಎಡಿಟ್' ಒತ್ತಿ, 'ಮ್ಯಾನುಯಲ್' ಆರಿಸಿ, ಐಪಿವಿ4 ಆನ್ ಮಾಡಿ. ಮೊದಲ ಜಾಗದಲ್ಲಿ 8.8.8.8, ಎರಡನೆಯದರಲ್ಲಿ 1.1.1.1 ಹಾಕಿ ಸೇವ್ ಮಾಡಿ. ಎರಡನೆಯದು ಕ್ಲೌಡ್‌ಫ್ಲೇರ್ ಕಂಪನಿಯದು, ಎರಡೂ ಉಚಿತ. ಆಫೀಸಿನ ಲ್ಯಾಪ್‌ಟಾಪ್ ಆದರೆ ಇದನ್ನು ಮುಟ್ಟುವ ಮುಂಚೆ ಐಟಿ ವಿಭಾಗದವರನ್ನು ಕೇಳಿ.

ವಿಪಿಎನ್, ಪ್ರಾಕ್ಸಿ, ಗಡಿಯಾರ

ಹಲವು ವಿಪಿಎನ್ ಆ್ಯಪ್‌ಗಳಲ್ಲಿ 'ಕಿಲ್ ಸ್ವಿಚ್' ಅಂತ ಒಂದು ಇರುತ್ತದೆ. ವಿಪಿಎನ್ ಕಡಿದರೆ ಇಡೀ ನೆಟ್ ನಿಲ್ಲಿಸುವುದೇ ಅದರ ಕೆಲಸ. ಅದು ತನ್ನ ಕೆಲಸ ಮಾಡುತ್ತಿರುತ್ತದೆ, ನಾವು ರೂಟರ್‌ಗೆ ಬೈಯುತ್ತಿರುತ್ತೇವೆ. ವಿಪಿಎನ್ ಆ್ಯಪ್ ತೆರೆದು, ಕಿಲ್ ಸ್ವಿಚ್ ಆಫ್ ಮಾಡಿ, ಸಂಪರ್ಕ ಕಡಿದು ನೋಡಿ. ಆ್ಯಂಟಿವೈರಸ್‌ನ ಫೈರ್‌ವಾಲ್ ಕೂಡ ಹೀಗೆ ಅಡ್ಡ ಬರಬಹುದು. ಒಂದೈದು ನಿಮಿಷ ನಿಲ್ಲಿಸಿ ನೋಡಿ, ಮರೆಯದೆ ಮತ್ತೆ ಆನ್ ಮಾಡಿ.

ಪ್ರಾಕ್ಸಿ ಸೆಟ್ಟಿಂಗ್ 'ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್' ಒಳಗೇ ಇದೆ. ನೀವಾಗಿ ಹಾಕಿರದಿದ್ದರೆ 'ಯೂಸ್ ಎ ಪ್ರಾಕ್ಸಿ ಸರ್ವರ್' ಆಫ್ ಇರಬೇಕು. ಅದು ತಾನಾಗಿಯೇ ಆನ್ ಆಗಿದ್ದರೆ ಯಾವುದೋ ಕೆಟ್ಟ ಸಾಫ್ಟ್‌ವೇರ್ ಒಳಗೆ ಬಂದಿರಬಹುದು. ನೆಟ್ ಬಂದ ಮೇಲೆ ಒಂದು ಸ್ಕ್ಯಾನ್ ಮಾಡಿಸಿ.

ಇನ್ನು ಗಡಿಯಾರ. ಲ್ಯಾಪ್‌ಟಾಪ್‌ನ ತಾರೀಖು ತಪ್ಪಾಗಿದ್ದರೆ ಸುರಕ್ಷಿತ ವೆಬ್‌ಸೈಟುಗಳು ಯಾವುವೂ ತೆರೆಯುವುದಿಲ್ಲ. ಪ್ರತಿ ವೆಬ್‌ಸೈಟಿನ ಸರ್ಟಿಫಿಕೇಟ್‌ಗೂ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ನಿಮ್ಮ ಗಡಿಯಾರ ವರ್ಷಗಳ ಹಿಂದಿದ್ದರೆ ಬ್ರೌಸರ್ ಅದನ್ನು ಒಪ್ಪುವುದಿಲ್ಲ. ಬ್ಯಾಟರಿ ಪೂರ್ತಿ ಖಾಲಿಯಾಗಿ ಬಹಳ ದಿನ ಬಿಟ್ಟ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಇದನ್ನು ಮೊದಲೇ ನೋಡಿಬಿಡಿ.

ಆರನೆಯ ಹೆಜ್ಜೆ: ನಿಮ್ಮ ವೈಫೈ ಹೆಸರು ಕಾಣುತ್ತಿಲ್ಲ, ಅಥವಾ ಆಗಾಗ ಕಡಿಯುತ್ತಿದೆ

ಫೋನಿಗೆ ಕಾಣುವ ವೈಫೈ ಲ್ಯಾಪ್‌ಟಾಪ್‌ಗೆ ಕಾಣದಿರುವುದು ವಿಚಿತ್ರ ಅನಿಸಬಹುದು. ಒಂದು ಕಾರಣ ಚಾನೆಲ್, ಅಂದರೆ ವೈಫೈ ಓಡುವ ರೇಡಿಯೊ ಪಟ್ಟಿಯ ಒಂದು ಭಾಗ, ಇರಬಹುದು. ವೈಫೈಗೆ ಮುಖ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಿವೆ. 2.4 ಗಿಗಾಹರ್ಟ್ಸ್ ವೈಫೈನಲ್ಲಿ ಹಲವು ದೇಶಗಳಲ್ಲಿ 13 ಚಾನೆಲ್ ಬಳಸಬಹುದು, ಅಮೆರಿಕದಲ್ಲಿ ಸಾಮಾನ್ಯವಾಗಿ 11ರವರೆಗೆ ಮಾತ್ರ. ಅಮೆರಿಕಕ್ಕೆಂದು ಹೊಂದಿಸಿದ ಲ್ಯಾಪ್‌ಟಾಪ್‌ಗೆ 12, 13ನೇ ಚಾನೆಲ್ ಕಾಣದಿರಬಹುದು. ರೂಟರ್ ಚಾನೆಲ್ ಆಯ್ಕೆ 'ಆಟೊ' ಆಗಿದ್ದು, ಅದು ರಾತ್ರಿ 13ಕ್ಕೆ ಹಾರಿದರೆ ಬೆಳಿಗ್ಗೆ ಲ್ಯಾಪ್‌ಟಾಪ್ ಪಾಲಿಗೆ ನಿಮ್ಮ ವೈಫೈ ಮಾಯ. ರೂಟರ್ ಸೆಟ್ಟಿಂಗ್‌ಗೆ ಹೋಗಿ 1, 6, 11ರಲ್ಲಿ ಒಂದನ್ನು ಆರಿಸಿ. ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ, ಅದೂ ಒಂದು ಲಾಭ.

5 ಗಿಗಾಹರ್ಟ್ಸ್‌ಗೆ ವೇಗ ಜಾಸ್ತಿ, ಗೋಡೆ ದಾಟುವ ಶಕ್ತಿ ಕಡಿಮೆ. ರೂಟರ್ ಒಂದು ಕೋಣೆಯಲ್ಲಿ, ನೀವು ಎರಡು ಗೋಡೆ ಆಚೆ ಇದ್ದರೆ 2.4ಕ್ಕೆ ಸೇರಿ ನೋಡಿ. 5ರಲ್ಲಿ ಕೆಲವು ಚಾನೆಲ್‌ಗಳನ್ನು ಹವಾಮಾನ ರಾಡಾರ್‌ಗಳೂ ಬಳಸುತ್ತವೆ. ರಾಡಾರ್ ಸಿಗ್ನಲ್ ಕಂಡರೆ ರೂಟರ್ ಆ ಚಾನೆಲ್ ಬಿಟ್ಟು ಹೋಗಲೇಬೇಕು ಅನ್ನುವುದು ನಿಯಮ. ಬೇರೆ ಅಂಥದೇ ಚಾನೆಲ್‌ಗೆ ಹೋದರೆ ಅಲ್ಲಿ ಕನಿಷ್ಠ ಒಂದು ನಿಮಿಷ ಆಲಿಸಿ ಆಮೇಲೆ ಶುರು ಮಾಡಬೇಕು. ಯಾವ ಕಾರಣವೂ ಕಾಣದೆ ಒಂದೆರಡು ನಿಮಿಷ ವೈಫೈ ಹೋಗಿ ಬರುತ್ತಿದ್ದರೆ ಇದೂ ಇರಬಹುದು. ರೂಟರ್‌ನಲ್ಲಿ 36ರಿಂದ 48ರ ನಡುವಿನ ಚಾನೆಲ್ ಹಾಕಿದರೆ ಈ ಗೊಡವೆ ಇಲ್ಲ.

2.4ಕ್ಕೆ ಬೇರೆ ಶತ್ರುಗಳಿದ್ದಾರೆ. ಮೈಕ್ರೋವೇವ್ ಓವನ್ ಕೆಲಸ ಮಾಡುವುದು ಹೆಚ್ಚುಕಡಿಮೆ 2.45 ಗಿಗಾಹರ್ಟ್ಸ್‌ನಲ್ಲಿ. ಯುಎಸ್‌ಬಿ 3.0 ಹಬ್ ಮತ್ತು ಹಾರ್ಡ್ ಡಿಸ್ಕ್‌ಗಳ ವೈರುಗಳೂ ಇದೇ ಸುತ್ತಮುತ್ತ ಗದ್ದಲ ಎಬ್ಬಿಸುತ್ತವೆ. ಹೊಸ ಹಬ್ ಚುಚ್ಚಿದ ದಿನದಿಂದ ವೈಫೈ ಕಡಿಯುತ್ತಿದ್ದರೆ ಅದನ್ನು ಕಿತ್ತು ನೋಡಿ. ಮ್ಯಾಕ್‌ನಲ್ಲಿ ಆಪ್ಷನ್ ಕೀ ಒತ್ತಿ ವೈಫೈ ಚಿಹ್ನೆ ಕ್ಲಿಕ್ ಮಾಡಿದರೆ ಸಿಗ್ನಲ್ ಬಲವೂ ಚಾನೆಲ್ಲೂ ಕಾಣುತ್ತವೆ. ಸಿಗ್ನಲ್ ಮೈನಸ್ 50ರ ಹತ್ತಿರ ಇದ್ದರೆ ಚೆನ್ನಾಗಿದೆ, ಮೈನಸ್ 80ರ ಹತ್ತಿರ ಇದ್ದರೆ ರೂಟರ್ ಕಡೆ ಸರಿದು ಕೂರಬೇಕು.

ಏಳನೆಯ ಹೆಜ್ಜೆ: ವೈಫೈ ಬಟನ್ನೇ ಇಲ್ಲ

ಮೊದಲು ಪೂರ್ತಿ ಆಫ್ ಮಾಡಿ. ಶಿಫ್ಟ್ ಕೀ ಹಿಡಿದುಕೊಂಡು 'ಶಟ್ ಡೌನ್' ಒತ್ತಿದರೆ ಫಾಸ್ಟ್ ಸ್ಟಾರ್ಟಪ್ ಇಲ್ಲದೆ ನಿಜವಾಗಿ ಆಫ್ ಆಗುತ್ತದೆ. ಚಾರ್ಜರ್ ಕಿತ್ತು, ಪವರ್ ಬಟನ್ 30 ಸೆಕೆಂಡು ಒತ್ತಿ ಹಿಡಿಯಿರಿ. ಆಮೇಲೆ ಆನ್ ಮಾಡಿ. ಸುಮ್ಮನೆ ಕಾಣೆಯಾದ ವೈಫೈ ಕಾರ್ಡ್ ಹಲವು ಸಲ ಇಷ್ಟರಲ್ಲೇ ವಾಪಸ್ ಬರುತ್ತದೆ.

ಬರದಿದ್ದರೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿವೈಸ್ ಮ್ಯಾನೇಜರ್' ತೆರೆಯಿರಿ. 'ನೆಟ್‌ವರ್ಕ್ ಅಡಾಪ್ಟರ್ಸ್' ಒಳಗೆ ಇಂಟೆಲ್, ರಿಯಲ್‌ಟೆಕ್, ಮೀಡಿಯಾಟೆಕ್ ಅಥವಾ ಕ್ವಾಲ್ಕಾಮ್ ಹೆಸರಿನ ಜೊತೆ ವೈಫೈ ಅಥವಾ ವೈರ್‌ಲೆಸ್ ಅಂತ ಇರುವ ಸಾಲು ಹುಡುಕಿ. ಕೆಳಗೆ ತೋರುವ ಬಾಣದ ಗುರುತಿದ್ದರೆ ಅದು ಆಫ್ ಆಗಿದೆ, ರೈಟ್ ಕ್ಲಿಕ್ ಮಾಡಿ 'ಎನೇಬಲ್' ಕೊಡಿ. ಹಳದಿ ತ್ರಿಕೋನ ಇದ್ದರೆ ಡ್ರೈವರ್ ಕೆಟ್ಟಿದೆ. ಅಪ್‌ಡೇಟ್ ಆದ ಮರುದಿನವೇ ಹೀಗಾಗಿದ್ದರೆ ಪ್ರಾಪರ್ಟೀಸ್‌ನ 'ಡ್ರೈವರ್' ಭಾಗದಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಒತ್ತಿ, ಹಳೆಯ ಡ್ರೈವರ್ ವಾಪಸ್ ಬರುತ್ತದೆ. ಆ ಬಟನ್ ಮಸುಕಾಗಿದ್ದರೆ 'ಅನ್‌ಇನ್‌ಸ್ಟಾಲ್ ಡಿವೈಸ್' ಕೊಟ್ಟು ರೀಸ್ಟಾರ್ಟ್ ಮಾಡಿ, ವಿಂಡೋಸ್ ತಾನೇ ಮತ್ತೆ ಹಾಕಿಕೊಳ್ಳುತ್ತದೆ. ಡ್ರೈವರ್ ಫೈಲನ್ನೂ ಅಳಿಸಲೇ ಅಂತ ಕೇಳುವ ಚೌಕಕ್ಕೆ ಮಾತ್ರ ಟಿಕ್ ಹಾಕಬೇಡಿ.

ಹೊಸ ಡ್ರೈವರ್ ಬೇಕು, ಡೌನ್‌ಲೋಡ್ ಮಾಡಲು ನೆಟ್ಟೇ ಇಲ್ಲ. ಆಗ ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿ. ಇದಕ್ಕೆ ಲ್ಯಾಪ್‌ಟಾಪ್‌ನ ವೈಫೈ ಬೇಕಾಗುವುದಿಲ್ಲ. ರೂಟರ್‌ನಿಂದ ನೇರ ಲ್ಯಾನ್ ಕೇಬಲ್ ಹಾಕಿದರೂ ಆಯಿತು. ಡ್ರೈವರನ್ನು ನಿಮ್ಮ ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ವೆಬ್‌ಸೈಟಿನಿಂದಲೇ, ನಿಮ್ಮ ಮಾಡೆಲ್ ನಂಬರ್ ಹಾಕಿ ಇಳಿಸಿಕೊಳ್ಳಿ. 'ಎಲ್ಲ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ' ಅನ್ನುವ ಸಾಫ್ಟ್‌ವೇರ್‌ಗಳು ಬೇಡ.

ಡಿವೈಸ್ ಮ್ಯಾನೇಜರ್ ತೆರೆದಾಗಲೇ ಇನ್ನೊಂದನ್ನು ನೋಡಿಬಿಡಿ. ವೈಫೈ ಅಡಾಪ್ಟರ್‌ನ ಪ್ರಾಪರ್ಟೀಸ್‌ನಲ್ಲಿ 'ಪವರ್ ಮ್ಯಾನೇಜ್‌ಮೆಂಟ್' ಭಾಗ ಇದ್ದರೆ, ಬ್ಯಾಟರಿ ಉಳಿಸಲು ಈ ಸಾಧನ ಆಫ್ ಮಾಡಬಹುದು ಅನ್ನುವ ಟಿಕ್ ತೆಗೆಯಿರಿ. ಸ್ಲೀಪ್‌ನಿಂದ ಎದ್ದಾಗಲೆಲ್ಲ ನೆಟ್ ಹೋಗುವವರಿಗೆ ಇದು ಬಹಳ ಉಪಯೋಗ.

ಕೊನೆಯ ಅಸ್ತ್ರ

ಇಷ್ಟಾದರೂ ಆಗದಿದ್ದರೆ 'ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್' ಒಳಗಿನ 'ಅಡ್ವಾನ್ಸ್ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್'ನಲ್ಲಿ 'ನೆಟ್‌ವರ್ಕ್ ರೀಸೆಟ್' ಇದೆ. ಹಲವರು ಇದನ್ನೇ ಮೊದಲು ಒತ್ತುತ್ತಾರೆ. ನಾನು ಕೊನೆಗೆ ಇಟ್ಟಿರುವುದಕ್ಕೆ ಕಾರಣವಿದೆ: ಇದು ಎಲ್ಲ ನೆಟ್‌ವರ್ಕ್ ಅಡಾಪ್ಟರ್‌ಗಳನ್ನೂ ಕಿತ್ತು ಮತ್ತೆ ಹಾಕುತ್ತದೆ. ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳು ಹೋಗುತ್ತವೆ, ಕೈಯಾರೆ ಹಾಕಿದ ಡಿಎನ್‌ಎಸ್ ಹೋಗುತ್ತದೆ, ವಿಪಿಎನ್ ಸಾಫ್ಟ್‌ವೇರ್ ಮತ್ತೆ ಹಾಕಬೇಕಾಗಬಹುದು. ಒತ್ತಿದ ಸ್ವಲ್ಪ ಹೊತ್ತಿಗೆ ಲ್ಯಾಪ್‌ಟಾಪ್ ತಾನಾಗಿ ರೀಸ್ಟಾರ್ಟ್ ಆಗುತ್ತದೆ, ಹಾಗಾಗಿ ತೆರೆದಿರುವ ಫೈಲುಗಳನ್ನು ಮೊದಲೇ ಸೇವ್ ಮಾಡಿಕೊಳ್ಳಿ.

ರೀಸೆಟ್ ಆದ ಮೇಲೂ ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಅಡಾಪ್ಟರ್ ಕಾಣದಿದ್ದರೆ, ಆದರೆ ಟೆದರಿಂಗ್‌ನಲ್ಲಿ ಅಥವಾ ಕೇಬಲ್‌ನಲ್ಲಿ ನೆಟ್ ಬರುತ್ತಿದ್ದರೆ, ವೈಫೈ ಕಾರ್ಡ್ ಅಥವಾ ಅದರ ಆ್ಯಂಟೆನಾ ವೈರ್ ಕೈಕೊಟ್ಟಿರುವ ಸಾಧ್ಯತೆ ಜಾಸ್ತಿ. ವಾರಂಟಿ ಇದ್ದರೆ ಸರ್ವಿಸ್ ಸೆಂಟರ್‌ಗೆ ಕೊಡಿ. ಇಲ್ಲದಿದ್ದರೆ ಲ್ಯಾಪ್‌ಟಾಪ್ ಬಿಚ್ಚಿಸುವ ಮುಂಚೆ ಯುಎಸ್‌ಬಿ ವೈಫೈ ಅಡಾಪ್ಟರ್ ಒಂದನ್ನು ಚುಚ್ಚಿ ನೋಡಿ. ಬೆರಳಿನ ತುದಿಯಷ್ಟಿರುತ್ತದೆ. ಕೊಳ್ಳುವಾಗ 2.4 ಮತ್ತು 5 ಎರಡೂ ಹಿಡಿಯುವಂಥದ್ದನ್ನೇ ಕೇಳಿ.